ಬ್ರಾಡ್‌ಬ್ಯಾಂಡ್ ಹಾಕಿಸುವ ಮುನ್ನ ಜಗಲಿಯ ಫೋನ್ ತಂತಿ ನೋಡಿ

ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ‘ಡೇಟಾ ಒನ್’ ಹೆಸರಿನಲ್ಲಿ ಆರಂಭಿಸಿದ ಬ್ರಾಡ್‌ಬ್ಯಾಂಡ್ ಸೇವೆ ಮುಂದೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಪಟ್ಟಣಗಳಿಗೂ ಬಂದಿತು. ಸಂಪರ್ಕ ಪಡೆದವರಲ್ಲಿ ಅನೇಕರು ಕೆಲವೇ ದಿನಗಳಲ್ಲಿ ‘ಮೋಡೆಮ್ ಸರಿಯಿಲ್ಲ, ದೀಪ ಮಿನುಗುತ್ತಲೇ ಇರುತ್ತದೆ’ ಎಂದು ದೂರುತ್ತಾರೆ. ಹೋಗಿ ನೋಡಿದರೆ ಮೋಡೆಮ್ ಸರಿಯಾಗಿಯೇ ಇರುತ್ತದೆ. ದೋಷವಿರುವುದು ಮನೆಯೊಳಗೆ ಎಳೆದ ತಂತಿಯಲ್ಲಿ.

ಮೊದಲು ಫೋನ್ ತಂತಿಯಲ್ಲಿ ಇಂಟರ್‌ನೆಟ್ ಪಡೆಯಲು ಇದ್ದ ಆಯ್ಕೆಗಳ ವಿಷಯ. ಫೋನ್ ಕರೆಯಂತೆ ಡಯಲ್ ಮಾಡಿ ಸೇರುವ ಡಯಲ್‌ಅಪ್‌ನ ವೇಗ ಹೆಚ್ಚೆಂದರೆ 56 ಕೆಬಿಪಿಎಸ್ (ಸೆಕೆಂಡಿಗೆ 56 ಕಿಲೋಬಿಟ್), ಅದನ್ನು ಬಳಸುವಷ್ಟು ಹೊತ್ತೂ ಫೋನ್ ಎಂಗೇಜ್. ಡಿಜಿಟಲ್ ಫೋನ್ ಸಂಪರ್ಕವಾದ ಐಎಸ್‌ಡಿಎನ್‌ನಲ್ಲಿ 64 ಕೆಬಿಪಿಎಸ್‌ನ ಎರಡು ವಾಹಿನಿಗಳಿದ್ದು, ಎರಡನ್ನೂ ಕೂಡಿಸಿದರೆ 128 ಸಿಗುತ್ತಿತ್ತಾದರೂ ಆಗ ಎರಡು ಕರೆಗಳ ಲೆಕ್ಕ ಓಡುತ್ತಿತ್ತು. ಮನೆ ಬಳಕೆಗೆ ಅದು ತಕ್ಕುದಾಗಿರಲೇ ಇಲ್ಲ. ಉಳಿದದ್ದು ಎಡಿಎಸ್‌ಎಲ್, ಅಂದರೆ ಈ ಬ್ರಾಡ್‌ಬ್ಯಾಂಡ್. ಇದು ಈಗಿರುವ ತಾಮ್ರದ ತಂತಿಯಲ್ಲೇ ಬರುತ್ತದೆ, ಫೋನೂ ಜೊತೆಯಲ್ಲೇ ನಡೆಯುತ್ತದೆ. 2004ರ ಸರ್ಕಾರಿ ನೀತಿಯಂತೆ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 256 ಕೆಬಿಪಿಎಸ್ ವೇಗ ಬೇಕಿತ್ತು. ಇದು ಬಿಟ್‌ಗಳ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್; ಆದ್ದರಿಂದ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 32 ಕಿಲೋಬೈಟ್ ಕಂಡರೆ ಮೋಸವಾಯಿತೆಂದು ಜಗಳಕ್ಕೆ ಹೋಗಬೇಕಾಗಿಲ್ಲ. ಆ ವೇಗದಲ್ಲಿ ಒಂದು ಸಿ.ಡಿ.ಯಷ್ಟು, ಅಂದರೆ 700 ಮೆಗಾಬೈಟ್ ಇಳಿಸಲು ಆರು ಗಂಟೆ ಬೇಕೇ ಬೇಕು.

ಅರ್ಜಿ ಕೊಡುವ ಮೊದಲು ಎಕ್ಸ್‌ಚೇಂಜಿನಿಂದ ನಿಮ್ಮ ಮನೆಗೆ ತಂತಿಯ ದೂರ ಎಷ್ಟೆಂದು ಲೈನ್‌ಮನ್‌ರನ್ನು ಕೇಳಿರಿ. ಶಿರಸಿ, ಸಿದ್ದಾಪುರದ ಕಡೆ ಕಣ್ಣಿಗೆ ಎದುರೇ ಕಾಣುವ ಮನೆಗೂ ತಂತಿ ಗುಡ್ಡ ಬಳಸಿ ಹೋಗಿರುತ್ತದೆ. ಐದು ಕಿಲೋಮೀಟರ್ ದಾಟಿದರೆ ಎಡಿಎಸ್‌ಎಲ್ ನೆಚ್ಚಿಕೊಳ್ಳುವುದು ಕಷ್ಟ. ತಂತಿಯಿಲ್ಲದ ಡಬ್ಲ್ಯುಎಲ್‌ಎಲ್ ಫೋನ್ ಇದ್ದವರಿಗೆ ಇದು ಸಿಗುತ್ತಲೇ ಇರಲಿಲ್ಲ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ತಂತಿಯಲ್ಲಿ ಫೋನಿನ ಮಾತು ಸಾಗುವುದು 4 ಕಿಲೋಹರ್ಟ್ಜ್ ಆವರ್ತನದ ಒಳಗೆ; ಎಡಿಎಸ್‌ಎಲ್ ಸುಮಾರು 25 ಕಿಲೋಹರ್ಟ್ಜ್‌ನಿಂದ ಮೇಲಕ್ಕೆ. ಇವೆರಡನ್ನೂ ಬೇರ್ಪಡಿಸುವ ಚಿಕ್ಕ ಡಬ್ಬಿಯೇ ಸ್ಪ್ಲಿಟರ್. ಹೊರಗಿನಿಂದ ಬಂದ ತಂತಿ ಮನೆಯನ್ನು ಹೊಕ್ಕ ಕೂಡಲೇ, ಬೇರೆ ಯಾವ ಕವಲೂ ಒಡೆಯುವ ಮೊದಲೇ, ಅದು ಸ್ಪ್ಲಿಟರಿನ ‘ಲೈನ್’ ತೂತಿಗೆ ಸೇರಬೇಕು. ‘ಮೋಡೆಮ್’ ತೂತಿನಿಂದ ಮೋಡೆಮಿಗೆ ಒಂದೇ ತಂತಿ, ‘ಫೋನ್’ ತೂತಿನಿಂದ ಮನೆಯ ಎಲ್ಲ ಫೋನ್‌ಗಳಿಗೆ. ನಮ್ಮ ಮನೆಗಳಲ್ಲಿ ಜಗಲಿಯಲ್ಲೊಂದು, ಅಡಿಗೆಮನೆಯಲ್ಲೊಂದು, ಮಾಳಿಗೆಯಲ್ಲೊಂದು ಪ್ಯಾರಲಲ್ ಫೋನ್ ಇರುವುದು ವಾಡಿಕೆಯಾಗಿತ್ತು. ಸ್ಪ್ಲಿಟರನ್ನು ಕಂಪ್ಯೂಟರಿನ ಪಕ್ಕದಲ್ಲಿ ಸಿಕ್ಕಿಸಿ, ಅಡಿಗೆಮನೆಯ ಫೋನನ್ನು ಅದಕ್ಕೂ ಮೊದಲೇ ಕವಲೊಡೆಸಿ ಬಿಟ್ಟಿದ್ದರೆ, ಆ ಫೋನ್ ಎತ್ತಿದಾಗಲೆಲ್ಲ ಸಂಪರ್ಕ ಕಡಿಯುವುದು ಸಹಜ. ಯಾವ ಉಪಕರಣವೂ ಇಲ್ಲದೆ ಸುಮ್ಮನೆ ನೇತಾಡುವ ಹಳೆಯ ಕವಲು ಕೂಡ ಸಂಕೇತವನ್ನು ಪ್ರತಿಫಲಿಸಿ ಹಾಳುಮಾಡುತ್ತದೆ. ಅಂಥದ್ದನ್ನು ಕತ್ತರಿಸಿ ತೆಗೆಯಿರಿ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ, ಒಂದನ್ನು ಎರಡು ಮಾಡುವ ಪಿನ್‌ಗಳನ್ನು ಕೆಲವರು ಸ್ಪ್ಲಿಟರ್ ಎಂದೇ ಮಾರುತ್ತಾರೆ. ಅವುಗಳೊಳಗೆ ಮಾತು ಮತ್ತು ಎಡಿಎಸ್‌ಎಲ್ ಬೇರ್ಪಡಿಸುವ ಫಿಲ್ಟರ್ ಇರುವುದಿಲ್ಲ.

ತಂತಿಯನ್ನು ಪರೀಕ್ಷಿಸಲು ಫೋನ್ ಎತ್ತಿ ಒಂದು ಅಂಕಿ ಒತ್ತಿ ಕೇಳಿರಿ. ಡಯಲ್ ಟೋನ್ ನಿಂತ ಮೇಲೆ ನಿಶ್ಶಬ್ದವಿರಬೇಕು. ಒಗ್ಗರಣೆಯ ಸಾಸಿವೆ ಸಿಡಿದಂತೆ ಸದ್ದು ಬಂದರೆ ಎಲ್ಲೋ ಜೋಡಣೆ ಸಡಿಲವಾಗಿದೆ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ತಾಮ್ರದ ಜೋಡಣೆ ಬೇಗ ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿದು ಸ್ಕ್ರೂ ಬಿಗಿಯಬೇಕು, ಟೇಪ್ ಸುತ್ತಿ ಮುಚ್ಚಿದರೆ ಪ್ರಯೋಜನವಿಲ್ಲ. ಕಂಬದ ಮೇಲೆ ಮನೆಮನೆಗೆ ತಂತಿ ಹಂಚುವ ಡಿಪಿ ಬಾಕ್ಸಿನದು ಲೈನ್‌ಮನ್‌ರ ಕೆಲಸ, ನೀವು ಕೈ ಹಾಕಬೇಡಿ. ಅನಂತರ ಎಲ್ಲ ಫೋನ್‌ಗಳನ್ನೂ ಕಳಚಿ, ಮೋಡೆಮನ್ನು ತಂತಿ ಒಳಬರುವಲ್ಲಿಯೇ ಜೋಡಿಸಿ, ಬ್ರೌಸರಿನಲ್ಲಿ ತೆರೆಯುವ ಅದರ ಪುಟದಲ್ಲಿ (ವಿಳಾಸ ಮುಂದೆ ಹೇಳಿದೆ) ಎಸ್‌ಎನ್‌ಆರ್ ಮಾರ್ಜಿನ್, ಅಂದರೆ ತಂತಿಯ ಗದ್ದಲವನ್ನು ತಾಳಲು ಸಂಕೇತಕ್ಕಿರುವ ಹೆಚ್ಚುವರಿ ಬಲ, ಎಷ್ಟೆಂದು ನೋಡಿರಿ. ಹತ್ತು ಡೆಸಿಬೆಲ್‌ಗಿಂತ ಹೆಚ್ಚಿದ್ದರೆ ಚಿಂತೆಯಿಲ್ಲ, ಆರಕ್ಕಿಂತ ಇಳಿದರೆ ಸಂಪರ್ಕ ಉಳಿಯದು. ಬಳಿಕ ಫೋನ್‌ಗಳನ್ನು ಒಂದೊಂದಾಗಿ ಮರಳಿ ಜೋಡಿಸಿದರೆ, ಯಾವುದನ್ನು ಸೇರಿಸಿದಾಗ ಈ ಅಂಕಿ ಕುಸಿಯುತ್ತದೆಯೋ ಆ ಕವಲಿನಲ್ಲೇ ದೋಷವಿದೆಯೆಂದು ತಿಳಿಯಿರಿ.

ಕಂಪ್ಯೂಟರ್ ದೂರದ ಕೋಣೆಯಲ್ಲಿದ್ದರೆ ಫೋನ್ ತಂತಿಯನ್ನು ಉದ್ದ ಮಾಡಬೇಡಿ, ನೂರು ಮೀಟರ್‌ವರೆಗೂ ಎಳೆಯಬಹುದಾದ ಈಥರ್ನೆಟ್ ಕೇಬಲ್ ಬಳಸಿರಿ. ಯುಎಸ್‌ಬಿ ಮೂಲಕ ಜೋಡಿಸುವ ಮೋಡೆಮ್ ಯಾರು ಕೊಟ್ಟರೂ ಬೇಡವೆನ್ನಿ. ವಿಂಡೋಸ್ ಮತ್ತೆ ಹಾಕಿದಾಗಲೆಲ್ಲ ಅದರ ಡ್ರೈವರ್ ಸಿ.ಡಿ. ಹುಡುಕಬೇಕಾಗುತ್ತದೆ.

ಉಳಿದ ಹೊಂದಾಣಿಕೆ ಸುಲಭ. ಬ್ರೌಸರಿನಲ್ಲಿ ಮೋಡೆಮಿನ ಪುಟವಾದ 192.168.1.1 ತೆರೆದು, ವಾಹಿನಿಯ ಸಂಖ್ಯೆಗಳಾದ ವಿಪಿಐ 0, ವಿಸಿಐ 35, ಸಂಪರ್ಕ ವಿಧಾನಕ್ಕೆ ಪಿಪಿಪಿಒಇ ಎಂದು ತುಂಬಿ, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಮೋಡೆಮಿನೊಂದಿಗೆ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಿರಿ. ತಿಂಗಳ ಮಿತಿಯಿರುವ ಪ್ಲ್ಯಾನ್ ಆಗಿದ್ದರೆ ಮೋಡೆಮ್ ತಾನಾಗಿ ಸದಾ ಸಂಪರ್ಕದಲ್ಲಿರುವ ಬದಲು, ಬೇಕಾದಾಗ ಕಂಪ್ಯೂಟರಿನಿಂದ ಡಯಲ್ ಮಾಡುವ ಬ್ರಿಜ್ ವಿಧಾನವನ್ನೇ ಇಟ್ಟುಕೊಳ್ಳಿರಿ. ವೈ-ಫೈ ಇದ್ದರೆ ಅದರ ಭದ್ರತೆಗೆ ಡಬ್ಲ್ಯುಇಪಿ ಬಿಟ್ಟು ಡಬ್ಲ್ಯುಪಿಎ2 ಆರಿಸಿರಿ. ಚಿರೆಕಲ್ಲಿನ ದಪ್ಪ ಗೋಡೆ ಎರಡು ಅಡ್ಡ ಬಂದರೆ ವೈ-ಫೈ ಕೂಡ ಸೋಲುತ್ತದೆ.

ಗುಡುಗು ಮಳೆಯ ಮೋಡ ಕಟ್ಟಿದರೆ ಸ್ವಿಚ್ ಆರಿಸಿ ಸುಮ್ಮನಾಗಬೇಡಿ. ಸಿಡಿಲಿನ ಹೊಡೆತ ಫೋನ್ ತಂತಿಯ ಮೂಲಕವೂ ಬರುವುದರಿಂದ, ಗುಡುಗು ಕೇಳಿಸುವ ಮೊದಲೇ ಅಡಾಪ್ಟರ್, ಫೋನ್ ತಂತಿ, ಕಂಪ್ಯೂಟರಿಗೆ ಹೋಗುವ ಕೇಬಲ್ ಮೂರನ್ನೂ ಮೋಡೆಮಿನಿಂದ ಕಳಚಿಡಿ.