ಪೊಟ್ಟಣದ ಮೇಲಿನ ಬೆಂಕಿಯನ್ನು ತೆಗೆದ ಮೇಲೆ

ಹುಬ್ಬಳ್ಳಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಖಾರಪುಡಿ ಮಾರಲು ಆರಂಭಿಸಿದಾಗ ನಮ್ಮ ಪಾಲಿಗೆ ಬ್ರ್ಯಾಂಡ್ ಎಂದರೆ ಒಂದು ಹೆಸರು, ಒಂದು ಲೋಗೊ, ಒಂದು ಕೆಂಪು ಪೊಟ್ಟಣ, ಅಷ್ಟೇ. ಓಣಿಯ ಗಿರಾಕಿಗಳು ನಮ್ಮನ್ನೂ ನಮ್ಮ ಗಿರಣಿಯನ್ನೂ ಬಲ್ಲವರಾಗಿದ್ದರಿಂದ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇರಲಿಲ್ಲ. ಸರಕು ಬೆಳಗಾವಿ, ಬೆಂಗಳೂರಿನ ಅಂಗಡಿಗಳಿಗೆ ಹೋಗತೊಡಗಿದ ಮೇಲೆ ಅಲ್ಲಿ ನಮ್ಮ ಪರವಾಗಿ ಮಾತನಾಡಲು ಪೊಟ್ಟಣವೊಂದೇ ಇತ್ತು, ಮತ್ತು ಅದು ತಪ್ಪು ಮಾತನ್ನು ಹೇಳುತ್ತಿತ್ತು.

ಇದು ನನಗೆ ತಿಳಿದದ್ದು ಬೆಂಗಳೂರಿನ ಒಂದು ಕಿರಾಣಿ ಅಂಗಡಿಯಲ್ಲಿ. ಹಿರಿಯ ಮಹಿಳೆಯೊಬ್ಬರು ನಮ್ಮ ಪೊಟ್ಟಣವನ್ನು ಎತ್ತಿಕೊಂಡು, ಅದರ ಮೇಲೆ ಅಚ್ಚಾಗಿದ್ದ ಬೆಂಕಿಯ ಜ್ವಾಲೆಯನ್ನು ನೋಡಿ, “ಇದು ಬೇಡಪ್ಪ, ತುಂಬಾ ಖಾರ ಇರೋ ಹಾಗಿದೆ, ಮನೇಲಿ ಮಕ್ಕಳಿದ್ದಾರೆ” ಎಂದು ಅಂಗಡಿಯವರಿಗೆ ಹೇಳಿ ಮರಳಿ ಇಟ್ಟುಬಿಟ್ಟರು. ಬ್ಯಾಡಗಿ ಕಾಯಿಯ ಹೆಗ್ಗಳಿಕೆಯೇ ಗಾಢ ಬಣ್ಣ ಮತ್ತು ಹದವಾದ ಖಾರ. ಅವರಿಗೆ ಬೇಕಾಗಿದ್ದ ಪುಡಿ ಅವರ ಕೈಯಲ್ಲೇ ಇತ್ತು.

ಅನಂತರ ಕೆಲವು ಅಂಗಡಿಗಳಲ್ಲಿ ಸಂಜೆಯ ಹೊತ್ತು ನಿಂತು, ನಮ್ಮ ಪುಡಿಯನ್ನು ಎರಡನೆಯ ಬಾರಿ ಕೊಳ್ಳುವವರು ಯಾರೆಂದು ಕೇಳುತ್ತ ಹೋದೆ. ಸಾರಿನ ಪುಡಿ, ಬಿಸಿಬೇಳೆಬಾತಿನ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವವರು, ಅಡುಗೆಗೆ ಕೆಂಪು ಬಣ್ಣ ಬರಬೇಕು ಆದರೆ ನಾಲಿಗೆ ಉರಿಯಬಾರದು ಎನ್ನುವವರೇ ಹೆಚ್ಚಾಗಿದ್ದರು. ಎಲ್ಲರನ್ನೂ ಮೆಚ್ಚಿಸುವ ಆಸೆ ಬಿಟ್ಟು ಇವರಿಗಾಗಿಯೇ ವ್ಯಾಪಾರ ಮಾಡುವುದೆಂದು ನಿರ್ಧರಿಸಿದೆವು. ಜ್ವಾಲೆಯ ಜಾಗಕ್ಕೆ ಬ್ಯಾಡಗಿಯ ತೆಳ್ಳನೆಯ, ಉದ್ದನೆಯ ಬಗೆಯಾದ, ನಿರಿಗೆ ನಿರಿಗೆಯ ಕಡ್ಡಿ ಕಾಯಿಯ ಚಿತ್ರ ಬಂತು. ಅದರ ಕೆಳಗೆ ‘ಬಣ್ಣ ಹೆಚ್ಚು, ಖಾರ ಹದ’ ಎಂಬ ನಾಲ್ಕು ಪದಗಳು, ಹಿಂಬದಿಯಲ್ಲಿ ಕಾಯಿಯ ಸುಗ್ಗಿಯ ವರ್ಷ.

ಹೆಸರಿನ ವಿಚಾರದಲ್ಲಿಯೂ ಎಡವಿದ್ದೆವು. ಬ್ಯಾಡಗಿ ಎಂಬ ಊರಿನ ಹೆಸರನ್ನೇ ಮುಖ್ಯವಾಗಿಟ್ಟು ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದಾಗ ಆಕ್ಷೇಪಣೆ ಬಂತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿಯೇ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದ್ದು, ಆ ಪ್ರದೇಶದ ಬೆಳೆಗಾರರಿಗೆಲ್ಲ ಸೇರಿದ ಹೆಸರನ್ನು ಒಬ್ಬ ವ್ಯಾಪಾರಿ ತನ್ನ ಸ್ವತ್ತೆಂದು ನೋಂದಾಯಿಸಿಕೊಳ್ಳಲು ಬರುವುದಿಲ್ಲ; ಇದು ನ್ಯಾಯವೇ ಎಂದು ಈಗ ನನಗೆ ಅನ್ನಿಸುತ್ತದೆ. ನಮ್ಮ ಮನೆತನದ ಹಳೆಯ ಹೆಸರೊಂದನ್ನು ಮಸಾಲೆ ಪದಾರ್ಥಗಳು ಬರುವ 30ನೆಯ ವರ್ಗದಲ್ಲಿ ನೋಂದಾಯಿಸಿದೆವು. ಆ ನೋಂದಣಿ 10 ವರ್ಷ ನಡೆಯುತ್ತದೆ, ಬಳಿಕ ನವೀಕರಿಸಬಹುದು.

ಎಲ್ಲಕ್ಕಿಂತ ಕಷ್ಟವಾದದ್ದು ಬೇಡ ಎನ್ನುವುದು. ಒಬ್ಬ ದೊಡ್ಡ ವಿತರಕರು ಗುಂಟೂರು ಕಾಯಿ ಬೆರೆಸಿ, ಖಾರ ಹೆಚ್ಚಿಸಿ, ಬೆಲೆ ಇಳಿಸಿದರೆ ತಿಂಗಳಿಗೆ ಈಗಿನ ಎರಡು ಪಟ್ಟು ಸರಕು ಎತ್ತುವುದಾಗಿ ಹೇಳಿದರು. ಗುಂಟೂರು ಕಾಯಿ ಕೀಳಲ್ಲ, ಅದರ ಗಿರಾಕಿಯೇ ಬೇರೆ. ಆದರೆ ಅದೇ ಪೊಟ್ಟಣದಲ್ಲಿ ಅದು ಹೋಗಿದ್ದರೆ ಆ ನಾಲ್ಕು ಪದಗಳು ಸುಳ್ಳಾಗುತ್ತಿದ್ದವು. ನಾವು ಒಪ್ಪಲಿಲ್ಲ, ಅವರು ನಮ್ಮನ್ನು ಬಿಟ್ಟರು, ಆ ವರ್ಷ ವಹಿವಾಟು ಕುಗ್ಗಿತು.

ಈಗ ಪ್ರತಿ ಬಾರಿ ಗಿರಣಿಯಿಂದ ಪುಡಿ ಬಂದಾಗ ಅಮ್ಮ ಸೌಟಿನಲ್ಲಿ ಎಣ್ಣೆ ಕಾಯಿಸಿ, ಒಲೆಯಿಂದ ಇಳಿಸಿ, ಒಂದು ಚಿಟಿಕೆ ಹಾಕಿ ಬಣ್ಣ ಬಿಡುವುದನ್ನು ನೋಡುತ್ತಾರೆ. ಅವರು ತಲೆಯಾಡಿಸಿದ ಮೇಲೆಯೇ ಪೊಟ್ಟಣ ಕಟ್ಟುವ ಕೆಲಸ ಆರಂಭವಾಗುತ್ತದೆ.