ಎನ್‌ಬಿಎ 2ಕೆ: ಮುನಿಸಿಕೊಂಡ ಟೀಮನ್ನು ದಾರಿಗೆ ತಂದದ್ದು

ಎನ್‌ಬಿಎ 2ಕೆ ಅನ್ನೋ ಬ್ಯಾಸ್ಕೆಟ್‌ಬಾಲ್ ವಿಡಿಯೋ ಗೇಮ್‌ನಲ್ಲಿ ಟೀಮ್ ನಡೆಸುತ್ತಾ, ಟ್ರೇಡ್ (ಬೇರೆ ಟೀಮ್‌ಗಳ ಜೊತೆ ಆಟಗಾರರ ಅದಲುಬದಲು) ಮಾಡಿ ಇಬ್ಬರು ಸ್ಟಾರ್‌ಗಳನ್ನು ತಂದಿದ್ದೆ. ಹೆಸರು ನೋಡಿದರೆ ಟೀಮ್ ಭರ್ಜರಿ, ಆಟ ನೋಡಿದರೆ ಸೋಲಿನ ಮೇಲೆ ಸೋಲು. ಟೀಮ್ ಕೆಮಿಸ್ಟ್ರಿ, ಅಂದರೆ ಆಟಗಾರರ ನಡುವಿನ ಹೊಂದಾಣಿಕೆ, ನೆಲ ಕಚ್ಚಿತ್ತು. ಅದು ಬಿದ್ದರೆ ಆಟಗಾರರ ರೇಟಿಂಗ್ ಕೂಡ ಇಳಿಯುತ್ತದೆ, ಅದೇ ನಿಜವಾದ ತಲೆನೋವು.

ಒಬ್ಬೊಬ್ಬರ ಮೊರಾಲ್ (ಮನಸ್ಥಿತಿ) ತೆರೆದು ನೋಡಿದೆ. ಹೆಚ್ಚಿನವರ ಗೊಣಗಾಟ ಒಂದೇ: ಆಡೋಕೆ ಸಮಯ ಸಿಗ್ತಿಲ್ಲ. ಲೆಕ್ಕ ಸರಳ ಅಲ್ವಾ? 48 ನಿಮಿಷದ ಆಟ, ಅಂಕಣದಲ್ಲಿ 5 ಜನ, ಒಟ್ಟು ಹಂಚೋಕೆ ಇರೋದು 240 ನಿಮಿಷ. ಸ್ಟಾರ್ಟರ್‌ಗಳಿಗೆ (ಆಟ ಶುರು ಮಾಡೋ ಐವರಿಗೆ) ತಲಾ 32 ಕೊಟ್ಟರೆ 160 ಹೋಯಿತು, ಬೆಂಚಿನಿಂದ ಮೊದಲು ಇಳಿಯೋ ಸಿಕ್ಸ್ತ್ ಮ್ಯಾನ್‌ಗೆ 24, ಉಳಿದ 56ರಲ್ಲಿ ನಾಲ್ವರಿಗೆ 14ರಂತೆ ಹಂಚಬಹುದು. ಅಲ್ಲಿಗೆ ಮುಗಿಯಿತು. ಆದರೆ ನನ್ನ ಬೆಂಚಿನ ಕೊನೆಯಲ್ಲಿ ಕೂತಿದ್ದ ಒಬ್ಬ ಹಿರಿಯ ಫಾರ್ವರ್ಡ್‌ಗೆ ತಾನು ಸ್ಟಾರ್ಟರ್ ಅನ್ನೋ ನಿರೀಕ್ಷೆ. ಅವನಿಗೆ ಕೊಡೋಕೆ ನಿಮಿಷ ಎಲ್ಲಿಂದ ತರಲಿ?

ಅವನನ್ನು ಡ್ರಾಫ್ಟ್ ಪಿಕ್‌ಗೆ (ಹೊಸ ಆಟಗಾರನನ್ನು ಆರಿಸೋ ಹಕ್ಕಿಗೆ) ಬದಲಾಗಿ ಬಿಟ್ಟುಕೊಟ್ಟೆ. ಆ ಜಾಗಕ್ಕೆ ಕಡಿಮೆ ಸಮಯ ಸಿಕ್ಕರೂ ತಕರಾರು ಮಾಡದ ಹುಡುಗನೊಬ್ಬನನ್ನು ತಂದೆ. ರೇಟಿಂಗ್ ಸ್ವಲ್ಪ ಕಡಿಮೆ, ಇರಲಿ ಬಿಡಿ, ಹತ್ತನೆಯವನು ಆಡೋದಾದರೂ ಎಷ್ಟು! ಆಮೇಲೆ ನಿಮಿಷಗಳನ್ನು ಕಂಪ್ಯೂಟರ್‌ಗೆ ಬಿಡದೆ ನಾನೇ ಹಾಕಿದೆ, ಒಂದೆರಡು ಸೋಲಿಗೆಲ್ಲ ಲೈನ್‌ಅಪ್ ಕೆದಕೋದನ್ನು ನಿಲ್ಲಿಸಿದೆ, ಹೊಸ ಟ್ರೇಡ್‌ಗೂ ಕೈ ಹಾಕಲಿಲ್ಲ.

ಕೆಮಿಸ್ಟ್ರಿ ಒಮ್ಮೆಲೇ ಏರಲಿಲ್ಲ, ನಿಧಾನವಾಗಿ ಹತ್ತಿತು. ಗೆಲುವು ಶುರುವಾದ ಮೇಲೆ ಮಾತ್ರ ಜೋರಾಯಿತು. ಈಗ ಯಾರನ್ನಾದರೂ ತರೋ ಮುಂಚೆ ರೇಟಿಂಗ್‌ಗಿಂತ ಮೊದಲು ಅವನು ಯಾವ ಪಾತ್ರ ಕೇಳುತ್ತಾನೆ ಅಂತ ನೋಡುತ್ತೇನೆ.