ಗಡಿಯಾರ ತಪ್ಪು ತೋರಿಸುತ್ತಿದ್ದರೆ ಮುಳ್ಳು ಮುಟ್ಟುವ ಮೊದಲು

ಗೋಡೆ ಗಡಿಯಾರ ಹತ್ತು ನಿಮಿಷ ಹಿಂದೆ ಬಿದ್ದಿರುತ್ತದೆ. ಹಿಂಬದಿಯ ಚಕ್ರ ತಿರುಗಿಸಿ, ಸಮಯ ಸರಿಮಾಡಿ, ಮತ್ತೆ ಮೊಳೆಗೆ ನೇತುಹಾಕುತ್ತೇವೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಪಾಡು. ಸಮಯ ಸರಿಮಾಡಿದ ಕೂಡಲೇ ದೋಷದ ಗುರುತು ಅಳಿಸಿಹೋಗುವುದೇ ಇಲ್ಲಿನ ತೊಂದರೆ. ಹಾಗಾಗಿ ಗಡಿಯಾರವನ್ನು ಇಳಿಸುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಅದು ತೋರಿಸುತ್ತಿರುವ ಸಮಯ, ಫೋನ್ ತೋರಿಸುತ್ತಿರುವ ಸಮಯ, ಸೆಕೆಂಡ್ ಮುಳ್ಳು ಓಡುತ್ತಿದೆಯೋ, ನಿಂತಿದೆಯೋ ಅಥವಾ ಒಂದೇ ಜಾಗದಲ್ಲಿ ಮಿಡಿಯುತ್ತಿದೆಯೋ. ಅರ್ಧಕ್ಕರ್ಧ ಪತ್ತೆ ಇಷ್ಟರಲ್ಲೇ ಮುಗಿಯುತ್ತದೆ.

ಸೆಲ್ ಹಾಕುವ ಗಡಿಯಾರ ನಿಧಾನವಾಗುವುದಿಲ್ಲ, ಹೆಜ್ಜೆ ತಪ್ಪುತ್ತದೆ

ಸೆಲ್ ಗಡಿಯಾರದೊಳಗೆ ಒಂದು ಪುಟ್ಟ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ 1 ಉಳಿಯುತ್ತದೆ. ಒಳಗಿನ ಚಿಪ್ ಮಾಡುವುದೂ ಅದನ್ನೇ. ಸೆಕೆಂಡಿಗೊಮ್ಮೆ ತಂತಿಯ ಸುರುಳಿಗೆ ಒಂದು ಮಿಡಿತ ಕಳಿಸುತ್ತದೆ, ಆ ಮಿಡಿತಕ್ಕೆ ಒಂದು ಸಣ್ಣ ಅಯಸ್ಕಾಂತ ಅರ್ಧ ಸುತ್ತು ತಿರುಗಿ ಹಲ್ಲುಚಕ್ರಗಳನ್ನು ಒಂದು ಹೆಜ್ಜೆ ಮುಂದೆ ತಳ್ಳುತ್ತದೆ.

ಹರಳಿನ ತಪ್ಪು ತೀರಾ ಕಡಿಮೆ. ಸಾಮಾನ್ಯ ಗಡಿಯಾರದಲ್ಲಿ ತಿಂಗಳಿಗೆ 15ರಿಂದ 30 ಸೆಕೆಂಡ್, ಅಷ್ಟೆ. ಈ ಹರಳು 25 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಅತಿ ವೇಗವಾಗಿ ಕಂಪಿಸುತ್ತದೆ. ಅದಕ್ಕಿಂತ 10 ಡಿಗ್ರಿ ಬಿಸಿಯಾದರೂ 10 ಡಿಗ್ರಿ ತಣ್ಣಗಾದರೂ ದಿನಕ್ಕೆ ಸುಮಾರು 0.3 ಸೆಕೆಂಡ್ ಹಿಂದೆ ಬೀಳುತ್ತದೆ. ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುವ ಗಡಿಯಾರದಲ್ಲಿ ಹರಳನ್ನು ದೂರಿ ಫಲವಿಲ್ಲ. ಅಲ್ಲಿ 600 ಮಿಡಿತಗಳು ಬಂದಿವೆ, ಮುಳ್ಳು ಮಾತ್ರ ಹೆಜ್ಜೆ ಇಟ್ಟಿಲ್ಲ. ಕಾರಣ ಮೂರರಲ್ಲಿ ಒಂದು: ಸೆಲ್ಲಿನ ಶಕ್ತಿ ಸಾಲದು, ಸೆಲ್ ಕೂರುವ ತಗಡು ಕೊಳೆಯಾಗಿದೆ, ಇಲ್ಲವೇ ಮುಳ್ಳು ಎಲ್ಲೋ ತಾಗುತ್ತಿದೆ.

ಸೆಕೆಂಡ್ ಮುಳ್ಳು 9ರ ಹತ್ತಿರ ನಿಂತು ಮಿಡಿಯುತ್ತಿದ್ದರೆ ಮೊದಲ ಗುಮಾನಿ ಸೆಲ್ಲಿನ ಮೇಲೆ. ಮುಳ್ಳು ಅಲ್ಲಿ ಅಡ್ಡಲಾಗಿದ್ದು ಮೇಲಕ್ಕೇರಬೇಕು, ತನ್ನ ಭಾರವನ್ನು ಎತ್ತಲು ಅತಿ ಹೆಚ್ಚು ಬಲ ಬೇಕಾಗುವುದು ಆ ಜಾಗದಲ್ಲೇ. ಗಡಿಯಾರವನ್ನು ಮೇಜಿನ ಮೇಲೆ ಅಂಗಾತ ಇಡಿ. ಮಲಗಿದಾಗ ಓಡಿ, ನೇತುಹಾಕಿದಾಗ ನಿಂತರೆ ಬಲ ಕಡಿಮೆಯಾಗಿದೆ ಎಂಬುದು ಖಚಿತ.

ಹೊಸ ಎಎ ಆಲ್ಕಲೈನ್ ಸೆಲ್ 1.5 ವೋಲ್ಟಿಗಿಂತ ತುಸು ಮೇಲೆಯೇ ತೋರಿಸುತ್ತದೆ. ಮಲ್ಟಿಮೀಟರಿನಲ್ಲಿ 1.3ಕ್ಕಿಂತ ಕೆಳಗಿದ್ದರೆ ಬದಲಿಸಿಬಿಡಿ. ಟಿವಿ ರಿಮೋಟಿನಿಂದ ತೆಗೆದ ಸೆಲ್ಲನ್ನು ಗಡಿಯಾರಕ್ಕೆ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಗಡಿಯಾರ ಎಳೆಯುವ ವಿದ್ಯುತ್ ತೀರಾ ಕಡಿಮೆಯಾದ್ದರಿಂದ ಕೆಲವು ವಾರ ನಡೆಯುತ್ತದೆ, ನಿಜ. ಆದರೆ ಮುಗಿಯುತ್ತ ಬಂದ ಸೆಲ್ಲೇ ಸೋರುವುದು ಹೆಚ್ಚು, ಸೋರಿದರೆ ಮಷಿನ್ ಹಾಳು. ಆ ಉಳಿತಾಯ ಬೇಡ. ಚಾರ್ಜ್ ಮಾಡುವ 1.2 ವೋಲ್ಟಿನ ಸೆಲ್ ಕೆಲವು ಗಡಿಯಾರಗಳಲ್ಲಿ ಓಡುತ್ತದೆ. ಉದ್ದ ಮುಳ್ಳಿನ ಗಡಿಯಾರದಲ್ಲಿ ಅದು ಬೇಗನೆ 9ರ ಬಳಿ ಸೋಲುತ್ತದೆ.

ಸೆಲ್ ಕೂರುವ ಜಾಗದಲ್ಲಿ ಬಿಳಿ ಪುಡಿ ಕಂಡರೆ ಆಲ್ಕಲೈನ್ ಸೆಲ್ ಸೋರಿದೆ. ಅದು ಕ್ಷಾರ, ಚರ್ಮ ಸುಡುತ್ತದೆ. ಕೈಗವಸು ಹಾಕಿಕೊಂಡು, ಕಿವಿಯ ಕಡ್ಡಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಒದ್ದೆ ಮಾಡಿ, ತೊಟ್ಟಿಕ್ಕದಂತೆ ಹಿಂಡಿ, ಸ್ಪ್ರಿಂಗನ್ನೂ ಎದುರಿನ ತಗಡನ್ನೂ ಒರೆಸಿ. ಸಣ್ಣ ನೊರೆ ಬಂದು ನಿಲ್ಲುತ್ತದೆ. ನೀರಿನಲ್ಲಿ ಅದ್ದಿದ ಇನ್ನೊಂದು ಕಡ್ಡಿಯಿಂದ ಮತ್ತೊಮ್ಮೆ ಒರೆಸಿ, ಪೂರ್ತಿ ಒಣಗಿಸಿ. ಹುಳಿ ಅಲ್ಲೇ ಉಳಿದರೆ ಲೋಹವನ್ನು ಅದೇ ತಿನ್ನುತ್ತದೆ. ಹಳೆಯ ಬಗೆಯ ಜಿಂಕ್-ಕಾರ್ಬನ್ ಸೆಲ್ ಸೋರಿದ್ದರೆ ಲೆಕ್ಕ ತಿರುಗುಮುರುಗು. ಆ ದ್ರವ ಆಮ್ಲೀಯ, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು ಬೇಕು. ಹಸಿರು ಕಿಲುಬು ಉಳಿದಿದ್ದರೆ ನುಣುಪು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ, ಸ್ಪ್ರಿಂಗನ್ನು ಒಂದಿಷ್ಟು ಹೊರಕ್ಕೆಳೆದು ಸೆಲ್ ಬಿಗಿಯಾಗಿ ಕೂರುವಂತೆ ಮಾಡಿ. ಕೊನೆಗೆ ಗಡಿಯಾರದ ಬೆನ್ನಿಗೆ ಒಂದು ತುಂಡು ಟೇಪ್ ಅಂಟಿಸಿ ಸೆಲ್ ಹಾಕಿದ ದಿನಾಂಕ ಬರೆಯಿರಿ. ಸಾಮಾನ್ಯ ಗಡಿಯಾರಕ್ಕೆ ಒಂದು ಒಳ್ಳೆಯ ಸೆಲ್ ವರ್ಷವಾದರೂ ಬರಬೇಕು. ಮೂರೇ ತಿಂಗಳಿಗೆ ಮುಗಿದರೆ ಮಷಿನ್ ಹೆಚ್ಚು ವಿದ್ಯುತ್ ಎಳೆಯುತ್ತಿದೆ ಎಂಬುದು ಆ ದಿನಾಂಕದಿಂದಲೇ ತಿಳಿಯುತ್ತದೆ.

ನಿಂತ ಸಮಯವೇ ಸಾಕ್ಷಿ

ಹೊಸ ಸೆಲ್ ಹಾಕಿದ ಮೇಲೂ ನಿಲ್ಲುತ್ತಿದ್ದರೆ ಪ್ರತಿ ಸಲ ನಿಂತ ಸಮಯ ಬರೆದುಕೊಳ್ಳಿ. ಗಂಟೆ ಮುಳ್ಳು, ನಿಮಿಷದ ಮುಳ್ಳು ಒಂದರ ಮೇಲೊಂದು ಬರುವುದು ಹೆಚ್ಚುಕಡಿಮೆ 65 ನಿಮಿಷಕ್ಕೊಮ್ಮೆ: 12:00, 1:05, 2:11, 3:16, 4:22, 5:27, 6:33, 7:38, 8:44, 9:49, 10:55. ನಿಂತ ಸಮಯಗಳು ಇವುಗಳ ಆಸುಪಾಸಿನಲ್ಲೇ ಇದ್ದರೆ ಎರಡು ಮುಳ್ಳುಗಳು ಒಂದಕ್ಕೊಂದು ತಾಗುತ್ತಿವೆ. ಗಂಟೆ ಯಾವುದೇ ಇರಲಿ, ನಿಮಿಷದ ಮುಳ್ಳು ಯಾವಾಗಲೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಅದು ಡಯಲ್ಲಿಗೋ ಗಾಜಿಗೋ ತಾಗುತ್ತಿದೆ. ಯಾವ ಲೆಕ್ಕಕ್ಕೂ ಸಿಗದಂತೆ ನಿಂತರೆ ಸೆಕೆಂಡ್ ಮುಳ್ಳನ್ನು ತೆಗೆದು ಒಂದು ದಿನ ಓಡಿಸಿ. ಆಗ ನಿಲ್ಲದಿದ್ದರೆ ತಪ್ಪು ಸೆಕೆಂಡ್ ಮುಳ್ಳಿನದು: ಬಗ್ಗಿರಬಹುದು, ಹಿಂಬಾಲದ ತೂಕ ತಪ್ಪಿರಬಹುದು.

ಗಡಿಯಾರವನ್ನು ಕಣ್ಣಿನ ಎತ್ತರಕ್ಕೆ ಹಿಡಿದು ಪಕ್ಕದಿಂದ ನೋಡಿ. ಮುಳ್ಳುಗಳ ನಡುವೆ, ಹಾಗೆಯೇ ಸೆಕೆಂಡ್ ಮುಳ್ಳಿಗೂ ಗಾಜಿಗೂ ನಡುವೆ, ಒಂದು ಮಿಲಿಮೀಟರಿನಷ್ಟಾದರೂ ಸಂದು ಕಾಣಬೇಕು. ಬಗ್ಗಿದ ಮುಳ್ಳನ್ನು ಸರಿಮಾಡುವಾಗ ಬುಡವನ್ನು ಒಂದು ಕೈಯಲ್ಲಿ ಹಿಡಿದು ತುದಿಯನ್ನು ಮಾತ್ರ ಬಾಗಿಸಿ, ಇಲ್ಲದಿದ್ದರೆ ಒಳಗಿನ ಪ್ಲಾಸ್ಟಿಕ್ ದಂಡವೇ ಮುರಿಯುತ್ತದೆ.

ನಿಮಿಷದ ಮುಳ್ಳು 12ರಲ್ಲಿದ್ದಾಗ ಗಂಟೆ ಮುಳ್ಳು ಎರಡು ಅಂಕಿಗಳ ನಡುವೆ ಇದ್ದರೆ ಮಷಿನ್ ಕೆಟ್ಟಿಲ್ಲ, ಗಂಟೆ ಮುಳ್ಳನ್ನು ಕೂರಿಸಿದ್ದು ತಪ್ಪಾಗಿದೆ. ಅದನ್ನು ಬೆರಳಿನಿಂದ ಸರಿಯಾದ ಅಂಕಿಗೆ ತಿರುಗಿಸಿದರೆ ಸಾಕು. ಇನ್ನೊಂದು ಮಾತು: ದೊಡ್ಡ ಸ್ಪೀಕರಿನ ಪಕ್ಕ ಗಡಿಯಾರ ಇಡಬೇಡಿ, ಅದರ ಅಯಸ್ಕಾಂತ ಗಡಿಯಾರದೊಳಗಿನ ಪುಟ್ಟ ಅಯಸ್ಕಾಂತವನ್ನು ತಡೆಯಬಲ್ಲದು. ಒಲೆಯ ಮೇಲ್ಭಾಗ, ಬಚ್ಚಲುಮನೆ ಸಹ ಒಳ್ಳೆಯ ಜಾಗವಲ್ಲ. ಎಣ್ಣೆ ಬೆರೆತ ಹಬೆ ಹಲ್ಲುಚಕ್ರಗಳಿಗೆ ಅಂಟುತ್ತದೆ, ತೇವ ತಗಡಿಗೆ ತುಕ್ಕು ಹಿಡಿಸುತ್ತದೆ.

ಮಷಿನ್ ಬದಲಿಸುವುದು

ಸ್ವಚ್ಛಗೊಳಿಸಿದ ಮೇಲೂ ಓಡದಿದ್ದರೆ ಒಳಗಿನ ಮಷಿನ್ ಬಿಚ್ಚಿ ರಿಪೇರಿಗೆ ಕೂರುವುದು ವ್ಯರ್ಥ, ಪೂರ್ತಿ ಬದಲಿಸಿ. ಕೊಳ್ಳುವ ಮೊದಲು ಅಳತೆ ತೆಗೆಯಬೇಕು. ಹೆಚ್ಚಿನ ಮಷಿನ್‌ಗಳು 56 ಮಿ.ಮೀ. ಚೌಕದವು, ಡಯಲ್ಲಿನ ತೂತು ಸುಮಾರು 8 ಮಿ.ಮೀ. ಜನ ಎಡವುವುದು ನಡುವಿನ ದಂಡದ ಮರೆ (ನಟ್ಟು ಹತ್ತುವ ತಿರುಪಿನ ಗೆರೆಗಳು) ಇರುವ ಭಾಗದ ಉದ್ದದಲ್ಲಿ. ಡಯಲ್ಲಿನಿಂದ ಹೊರಗೆ ವಾಷರ್, ನಟ್ಟು ಹಿಡಿಯಲು 3ರಿಂದ 5 ಮಿ.ಮೀ. ಮರೆ ಉಳಿಯಬೇಕು. ಡಯಲ್ 3 ಮಿ.ಮೀ. ದಪ್ಪವಿದ್ದರೆ ಮರೆ 6ರಿಂದ 8 ಮಿ.ಮೀ. ಬೇಕು. ತೀರಾ ಉದ್ದದ್ದು ತಂದರೆ ಸೆಕೆಂಡ್ ಮುಳ್ಳು ಗಾಜಿಗೆ ತಾಗುತ್ತದೆ. ಹಳೆಯ ಮುಳ್ಳಿನ ತೂತು ಹೊಸ ದಂಡಕ್ಕೆ ಹೊಂದುವ ಖಾತ್ರಿ ಇಲ್ಲ, ಮುಳ್ಳುಗಳ ಸಮೇತ ಬರುವ ಮಷಿನ್ ಕೊಳ್ಳುವುದು ಮೇಲು. ದೊಡ್ಡ ಗಡಿಯಾರಕ್ಕೆ ಉದ್ದ ಮುಳ್ಳು ಎಳೆಯಬಲ್ಲ ಹೆಚ್ಚು ಬಲದ ಮಷಿನ್ ಎಂದು ಕೇಳಿ ತನ್ನಿ.

1. ಸೆಲ್ ತೆಗೆದು, ಗಾಜು ಬಿಚ್ಚಿ, ಮುಂಭಾಗದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

2. ಸೆಕೆಂಡ್ ಮುಳ್ಳನ್ನು ನೇರವಾಗಿ ಮೇಲಕ್ಕೆಳೆಯಿರಿ, ಆಮೇಲೆ ನಿಮಿಷದ್ದು, ಕೊನೆಗೆ ಗಂಟೆಯದು. ಓರೆಯಾಗಿ ಎಳೆದರೆ ಬುಡ ಒಡೆಯುತ್ತದೆ. ಕೆಲವದರಲ್ಲಿ ನಿಮಿಷದ ಮುಳ್ಳಿನ ಮೇಲೆ ಸಣ್ಣ ನಟ್ಟು ಇರುತ್ತದೆ, ಮೊದಲು ಅದನ್ನು ಬಿಚ್ಚಬೇಕು.

3. ಹಿಂದಿನಿಂದ ಮಷಿನ್ ಹಿಡಿದುಕೊಂಡು ನಡುವಿನ ನಟ್ಟನ್ನು ಎಡಕ್ಕೆ ತಿರುಗಿಸಿ ಬಿಚ್ಚಿ.

4. ಹೊಸ ಮಷಿನ್‌ಗೆ ರಬ್ಬರ್ ವಾಷರ್ ಹಾಕಿ ಹಿಂದಿನಿಂದ ತೂರಿಸಿ, ಮುಂದೆ ಲೋಹದ ವಾಷರ್, ಅದರ ಮೇಲೆ ನಟ್ಟು. ಬೆರಳಿನಿಂದ ಬಿಗಿಸಿ, ಇಕ್ಕಳದಲ್ಲಿ ಕಾಲು ಸುತ್ತು ಸಾಕು. ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ಹೊರಮೈ ಒತ್ತಿಕೊಂಡು ಚಕ್ರಗಳು ಹಿಡಿದುಕೊಳ್ಳುತ್ತವೆ. ಹೊಸ ಮಷಿನ್ ಮೊದಲ ದಿನವೇ ನಿಂತರೆ ಮೊದಲು ಈ ನಟ್ಟನ್ನು ಸಡಿಲಿಸಿ ನೋಡಿ.

5. ಗಂಟೆ ಮುಳ್ಳನ್ನೂ ನಿಮಿಷದ ಮುಳ್ಳನ್ನೂ 12ಕ್ಕೆ ಕೂರಿಸಿ, ಹಿಂದಿನ ಚಕ್ರದಿಂದ 12 ಗಂಟೆ ಪೂರ್ತಿ ತಿರುಗಿಸಿ. ಎಲ್ಲೂ ತಾಗದಿದ್ದರೆ ಸೆಕೆಂಡ್ ಮುಳ್ಳು ಕೂರಿಸಿ, ಗಾಜು ಹಾಕದೆಯೇ ಒಂದು ದಿನ ನೇತುಹಾಕಿ ನೋಡಿ.

ಲೋಲಕದ ಗಡಿಯಾರ

ಸೆಲ್ ಹಾಕುವ ಗಡಿಯಾರದ ಕೆಳಗೆ ಆಡುವ ಲೋಲಕ ಬರಿಯ ಅಲಂಕಾರ. ಅದನ್ನು ಆಡಿಸುವ ಸುರುಳಿಯೇ ಬೇರೆ, ಅದರ ನಟ್ಟು ಎಷ್ಟು ತಿರುಗಿಸಿದರೂ ಸಮಯ ಬದಲಾಗದು. ಕೀ ಕೊಡುವ ಗಡಿಯಾರದಲ್ಲಿ ಮಾತ್ರ ಲೋಲಕವೇ ಸಮಯ ನಡೆಸುತ್ತದೆ.

ಅದು ನಿಲ್ಲುತ್ತಿದ್ದರೆ ಮೊದಲು ಕಿವಿಗೊಟ್ಟು ಕೇಳಿ. "ಟಿಕ್" ಮತ್ತು "ಟಾಕ್" ನಡುವಿನ ಬಿಡುವು ಎರಡೂ ಕಡೆ ಸಮನಾಗಿರಬೇಕು. ಕುಂಟುತ್ತಿದ್ದರೆ ಪೆಟ್ಟಿಗೆಯ ಬುಡವನ್ನು ಎಡಕ್ಕೋ ಬಲಕ್ಕೋ ಕೂದಲೆಳೆಯಷ್ಟು ಸರಿಸುತ್ತ ಬಿಡುವು ಸಮನಾಗುವ ಜಾಗ ಹಿಡಿಯಿರಿ, ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ. ಕಣ್ಣಿಗೆ ನೆಟ್ಟಗೆ ಕಂಡಿತೆಂಬುದು ಲೆಕ್ಕವಲ್ಲ, ಸದ್ದು ಸಮನಾಗಿರಬೇಕು. ಗೋಡೆ ಒರೆಸುವಾಗ, ಧೂಳು ಹೊಡೆಯುವಾಗ ಗಡಿಯಾರ ತುಸು ಜರುಗಿ ಮಾರನೆಯ ದಿನ ನಿಂತುಬಿಡುವುದು ಇದೇ ಕಾರಣಕ್ಕೆ.

ಸಮಯ ತಪ್ಪುತ್ತಿದ್ದರೆ ಲೋಲಕದ ಕೆಳಗಿನ ನಟ್ಟಿಗೆ ಕೈ ಹಾಕಿ. ಬಟ್ಟು, ಅಂದರೆ ಲೋಲಕದ ತುದಿಯ ತೂಕ, ಮೇಲೇರಿದರೆ ಗಡಿಯಾರ ಮುಂದೆ ಓಡುತ್ತದೆ, ಇಳಿದರೆ ಹಿಂದೆ ಬೀಳುತ್ತದೆ. ಎಷ್ಟು ಎಂಬುದಕ್ಕೆ ಲೆಕ್ಕವಿದೆ. ದಿನಕ್ಕೆ 86,400 ಸೆಕೆಂಡ್. ತಪ್ಪಿದ ಸೆಕೆಂಡುಗಳನ್ನು ಅದರಿಂದ ಭಾಗಿಸಿ, ಎರಡರಿಂದ ಗುಣಿಸಿ, ಲೋಲಕದ ಉದ್ದದಿಂದ ಗುಣಿಸಿ. 25 ಸೆಂ.ಮೀ. ಲೋಲಕ ದಿನಕ್ಕೆ ಒಂದು ನಿಮಿಷ ಮುಂದೆ ಓಡುತ್ತಿದ್ದರೆ ಬಟ್ಟು ಇಳಿಯಬೇಕಾದ್ದು ಸುಮಾರು 0.35 ಮಿ.ಮೀ. ಮಾತ್ರ. ನಟ್ಟಿನ ಮರೆಯ ಅಂತರ 0.5 ಮಿ.ಮೀ. ಇದ್ದರೆ ಒಂದು ಸುತ್ತೂ ಬೇಡ, ಮುಕ್ಕಾಲು ಸುತ್ತಿಗೆ ಒಂದಿಷ್ಟು ಕಡಿಮೆ. ತಿರುಗಿಸಿದ ಮೇಲೆ ಪೂರ್ತಿ 24 ಗಂಟೆ ಕಾಯಿರಿ. ಗಂಟೆಗೊಮ್ಮೆ ನೋಡಿ ತಿರುಗಿಸುತ್ತ ಹೋದರೆ ಎಂದೂ ಮುಗಿಯುವುದಿಲ್ಲ. ಗಂಟೆ ಹೊಡೆಯುವ ಹಳೆಯ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಡಿ. ಮುಂದಕ್ಕೇ ತಿರುಗಿಸುತ್ತ, ಪ್ರತಿ ಸಲ ಹೊಡೆದು ಮುಗಿಸುವವರೆಗೆ ನಿಲ್ಲಿ. ಮುಂದೆ ಓಡಿರುವುದು ಕೆಲವೇ ನಿಮಿಷವಾದರೆ ಲೋಲಕವನ್ನು ಅಷ್ಟು ಹೊತ್ತು ಹಿಡಿದು ನಿಲ್ಲಿಸುವುದೇ ಸುಲಭ.

ಕರೆಂಟಿನಿಂದ ನಡೆಯುವವು

ಹಲವು ಮೈಕ್ರೋವೇವ್ ಓವನ್‌ಗಳಲ್ಲಿ, ಪ್ಲಗ್ಗಿಗೆ ಹಾಕುವ ಅಲಾರಾಂ ಗಡಿಯಾರಗಳಲ್ಲಿ ಹರಳಿನ ಬದಲು ವಿದ್ಯುತ್ತಿನ ಆವರ್ತನವನ್ನೇ ಎಣಿಸುತ್ತಾರೆ: 50 ಸಲ ಮಿಡಿದರೆ ಒಂದು ಸೆಕೆಂಡ್. ಆವರ್ತನ ಸರಾಸರಿ 49.99 ಹರ್ಟ್ಸ್‌ಗೆ ಇಳಿದರೆ ದಿನಕ್ಕೆ 17 ಸೆಕೆಂಡ್ ಹಿಂದೆ. 2018ರ ಜನವರಿಯಿಂದ ಮಾರ್ಚ್‌ವರೆಗೆ ಯುರೋಪಿನ ವಿದ್ಯುತ್ ಜಾಲದಲ್ಲಿ ಹೀಗೇ ಆಗಿ, ಹಲವು ದೇಶಗಳಲ್ಲಿ ಇಂಥ ಗಡಿಯಾರಗಳು ಸುಮಾರು 6 ನಿಮಿಷ ಹಿಂದೆ ಬಿದ್ದವು. ಇದರಲ್ಲಿ ಯಂತ್ರದ ತಪ್ಪಿಲ್ಲ, ಸರಿಮಾಡಿಸಲು ಕೊಡಬೇಡಿ. 60 ಹರ್ಟ್ಸ್‌ಗೆಂದು ಮಾಡಿದ್ದನ್ನು 50 ಹರ್ಟ್ಸ್ ಇರುವಲ್ಲಿ ಹಾಕಿದರೆ ಗಂಟೆಗೆ ಸರಿಯಾಗಿ 10 ನಿಮಿಷ ಹಿಂದೆ ಬೀಳುತ್ತದೆ.

ಇಂಥ ಅಲಾರಾಂ ಗಡಿಯಾರದೊಳಗೆ ಕರೆಂಟ್ ಹೋದಾಗ ಆಸರೆಯಾಗಲು 9 ವೋಲ್ಟಿನ ಸೆಲ್ ಇರುತ್ತದೆ. ಅದರ ಮೇಲೆ ನಡೆಯುವಾಗ ಎಣಿಕೆ ಒರಟು, ಕೆಲವೇ ಗಂಟೆಗಳಲ್ಲಿ ನಿಮಿಷಗಟ್ಟಲೆ ತಪ್ಪಬಹುದು. ಕರೆಂಟ್ ಬಂದ ಮೇಲೆ ಅಂಕಿಗಳು ಮಿನುಗುತ್ತಿಲ್ಲ ಎಂದಮಾತ್ರಕ್ಕೆ ಸಮಯ ಸರಿಯಿದೆ ಎಂದುಕೊಳ್ಳಬೇಡಿ. ಫೋನಿನ ಜೊತೆ ಹೋಲಿಸಿಯೇ ಮಲಗಿ.

ಮೇಜಿನ ಕಂಪ್ಯೂಟರ್ ಪ್ಲಗ್ ತೆಗೆದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ ನಾಣ್ಯದಾಕಾರದ ಸಿಆರ್2032 ಸೆಲ್ ಮುಗಿದಿದೆ. 3 ವೋಲ್ಟಿನ ಅದನ್ನು ಪ್ಲಗ್ ತೆಗೆದು ಬದಲಿಸಿದರೆ ಸರಿಹೋಗುತ್ತದೆ. ತಪ್ಪು ದಿನಾಂಕದ ಕಂಪ್ಯೂಟರಿನಲ್ಲಿ ವೆಬ್‌ಸೈಟುಗಳು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುವುದೂ ಇದರಿಂದಲೇ.

ಮುಳ್ಳಿನ ಅಲಾರಾಂ ಗಡಿಯಾರ ಇಟ್ಟದ್ದಕ್ಕಿಂತ ಐದಾರು ನಿಮಿಷ ಮುಂಚೆಯೋ ತಡವಾಗಿಯೋ ಬಾರಿಸುವುದು ಸಹಜ, ಅಲಾರಾಂ ಮುಳ್ಳು 12 ಗಂಟೆಯನ್ನು ಒಂದೇ ಸುತ್ತಿನಲ್ಲಿ ತೋರಿಸುವುದರಿಂದ ಅಷ್ಟು ಸೂಕ್ಷ್ಮ ಅದಕ್ಕೆ ಸಿಗದು. ಅಲಾರಾಂ ಚಕ್ರವನ್ನು ಅದರ ಮೇಲಿನ ಬಾಣದ ದಿಕ್ಕಿನಲ್ಲೇ ತಿರುಗಿಸಿ, ನಿಮಿಷ ಸರಿಮಾಡುವಾಗ ಅಲಾರಾಂ ಸಮಯವನ್ನು ಹಿಮ್ಮುಖವಾಗಿ ದಾಟಿಸಬೇಡಿ. ಒಮ್ಮೆ ಹಗಲಿನಲ್ಲಿ ಬಾರಿಸಿ ನೋಡಿ. ಯಾವಾಗಲೂ 4 ನಿಮಿಷ ಮುಂಚೆ ಬಾರಿಸುವುದಾದರೆ ಆ ಅಂಕಿಯನ್ನೂ ಬೆನ್ನ ಮೇಲಿನ ಟೇಪಿನಲ್ಲಿ ಬರೆದಿಡಿ.